ರಾತ್ರಿ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ

ಈ ಊಟದಲ್ಲಿ ಕಾಯಲಾರದ್ದು ರೊಟ್ಟಿ ಒಂದೇ. ಪುಂಡಿ ಎಂಬ ಹುಳಿ ಸೊಪ್ಪಿನ ಪಲ್ಯ ಅರ್ಧ ತಾಸು ಕೂತರೆ ರುಚಿ ಕೂಡಿಕೊಳ್ಳುತ್ತದೆ, ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹದಿನೈದು ದಿನ ಇದ್ದರೂ ಕೆಡುವುದಿಲ್ಲ. ರೊಟ್ಟಿ ಮಾತ್ರ ಹಂಚಿನಿಂದ ಇಳಿದು ಎರಡು ನಿಮಿಷದೊಳಗೆ ತಾಟಿಗೆ ಬೀಳಬೇಕು. ಆದ್ದರಿಂದ ಕೆಲಸದ ಕ್ರಮ ಹೀಗೆ: ಮೊದಲು ಬೇಳೆ, ಅದು ಬೇಯುವಾಗ ಹಿಂಡಿ, ಆಮೇಲೆ ಪುಂಡಿ, ಎಲ್ಲರೂ ಕೈ ತೊಳೆದು ಕೂತ ಮೇಲೆ ರೊಟ್ಟಿ. ನಾಲ್ಕು ಮಂದಿಗೆ ಎಲ್ಲ ಸೇರಿ ಒಂದೂಕಾಲು ತಾಸು ಬೇಕು.

ಗಂಗಾವತಿ, ಸಿಂಧನೂರಿನ ಕಾಲುವೆ ಬಯಲಿನಲ್ಲಿ ಭತ್ತ ಬಂದ ಮೇಲೆ ರಾತ್ರಿ ಅನ್ನ ಉಣ್ಣುವವರು ಹೆಚ್ಚು. ಕುಷ್ಟಗಿ, ಯಲಬುರ್ಗಾ, ಲಿಂಗಸೂಗೂರಿನ ಒಣ ಬೇಸಾಯದ ಊರುಗಳಲ್ಲಿ ರೊಟ್ಟಿ ಇಲ್ಲದೆ ಊಟ ಆಯಿತು ಅನ್ನಿಸುವುದಿಲ್ಲ. ಇಲ್ಲಿ ಹೇಳುತ್ತಿರುವುದು ಆ ಊಟ.

ಹಿಟ್ಟು

ರೊಟ್ಟಿ ಕೆಡುವುದು ಬಹಳ ಸಲ ಹಂಚಿನ ಮೇಲಲ್ಲ, ಹಿಟ್ಟಿನ ಡಬ್ಬಿಯಲ್ಲೇ. ಎರೆ ಹೊಲದಲ್ಲಿ ಹಿಂಗಾರಿಗೆ ಬೆಳೆದ ಬಿಳಿಜೋಳ ತನ್ನಿ. ಮಾಲದಂಡಿ ಸಿಕ್ಕರೆ ಅದೇ ಒಳ್ಳೆಯದು, ಎಂ-35-1 ಎಂದರೂ ಅದೇ. ಕಾಳು ದುಂಡಗೆ, ಮುತ್ತಿನಂತೆ ಹೊಳೆಯಬೇಕು. ಮುಂಗಾರಿನ ಹೈಬ್ರಿಡ್ ಜೋಳದ ಕಾಳು ಮಳೆಗೆ ಸಿಕ್ಕು ಕಪ್ಪಾಗಿದ್ದರೆ ರೊಟ್ಟಿಯ ಬಣ್ಣವೂ ಮಂಕು, ರುಚಿಯೂ ಸಪ್ಪೆ.

ಗಿರಣಿಯಲ್ಲಿ ನುಣ್ಣಗೆ ಬೀಸಿಸಿ. ಹಿಂದಿನವರು ಗೋಧಿ ಬೀಸಿಸಿದ್ದರೆ ಮೊದಲ ಒಂದೆರಡು ಹಿಡಿ ಹಿಟ್ಟು ಬೇರೆ ತೆಗೆಯಲು ಹೇಳಿ. ಒಂದು ಸಲಕ್ಕೆ ಹದಿನೈದು ದಿನಕ್ಕಾಗುವಷ್ಟೇ ಸಾಕು. ಜೋಳದ ಹಿಟ್ಟಿನಲ್ಲಿ ಕಾಳಿನ ಮೊಳಕೆಯ ಎಣ್ಣೆಯ ಅಂಶವೂ ಸೇರಿರುತ್ತದೆ, ದಿನ ಕಳೆದಂತೆ ಅದು ಕಮಟು ಹಿಡಿದು ಹಿಟ್ಟು ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ಬೀಸಿಸಿ ತಂದ ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಬೇಡಿ. ಹರಡಿ ಆರಿಸಿ, ನಂತರ ತುಂಬಿ.

ನಾಲ್ಕು ಮಂದಿಗೆ ಎಂಟು ರೊಟ್ಟಿ: ಹಿಟ್ಟು 400 ಗ್ರಾಂ, ಮೇಲೆ ಉದುರಿಸಲು ಇನ್ನೊಂದು ಹಿಡಿ. ನೀರು ಒಟ್ಟು ಸುಮಾರು 350 ಮಿಲಿ; ಅದರಲ್ಲಿ 250 ಎಸರಿಗೆ, ಉಳಿದದ್ದು ನಾದುವಾಗ ಕೈಗೆ ಹಚ್ಚಿಕೊಳ್ಳಲು.

ಬೇಳೆ ಮತ್ತು ಪುಂಡಿ

ತೊಗರಿಬೇಳೆ 60 ಗ್ರಾಂ, ಹಸಿ ಶೇಂಗಾ ಎರಡು ದೊಡ್ಡ ಚಮಚ, ಜೋಳದ ನುಚ್ಚು ಎರಡು ದೊಡ್ಡ ಚಮಚ. ಮೂರನ್ನೂ ತೊಳೆದು ಎರಡು ಲೋಟ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯಲು ಬಿಟ್ಟು, ಅದೇ ನೀರಿನಲ್ಲಿ ಕುಕ್ಕರಿಗೆ ಇಟ್ಟು ಮೂರ್ನಾಲ್ಕು ಸೀಟಿ ಹೊಡೆಸಿ. ಜೋಳದ ನುಚ್ಚಿಲ್ಲದಿದ್ದರೆ ಅಕ್ಕಿ ನುಚ್ಚು ನಡೆಯುತ್ತದೆ.

ಪುಂಡಿಯನ್ನು ಬೇಳೆಯ ಜೊತೆ ಒಟ್ಟಿಗೇ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಬೇಳೆ ಬೇಯುವುದು ತಡವಾಗುತ್ತದೆ, ಸುಲಭಕ್ಕೆ ಕರಗುವುದಿಲ್ಲ. ಪುಂಡಿಯ ಹುಳಿ ಕಾಳು ಬೇಗ ಮೆತ್ತಗಾಗದಂತೆ ತಡೆಯುತ್ತದೆ. ಹುಣಸಿಹಣ್ಣನ್ನು ಬೇಳೆ ಬೆಂದ ಮೇಲೆ ಹಾಕುವುದೂ ಇದೇ ಕಾರಣಕ್ಕೆ. ಎರಡನ್ನೂ ಬೇರೆ ಬೇರೆ ಬೇಯಿಸಿ.

ಸೊಪ್ಪು 200 ಗ್ರಾಂ, ಅಂದರೆ ಮಧ್ಯಮ ಗಾತ್ರದ ಎರಡು ಸಿವುಡು ತಂದು ಎಲೆ ಮಾತ್ರ ಬಿಡಿಸಿಕೊಳ್ಳಿ. ಪುಂಡಿ ನಾರಿನ ಗಿಡ. ದಂಟು ಎಷ್ಟು ಬೇಯಿಸಿದರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಕೆಂಪು ದಂಟಿನದು ಹುಳಿ ಹೆಚ್ಚು, ಹಸಿರು ದಂಟಿನದು ಸ್ವಲ್ಪ ಸೌಮ್ಯ. ಒಂದು ಹಸಿ ಎಲೆ ಕಚ್ಚಿ ನೋಡಿ. ಹಲ್ಲು ಜುಮ್ಮೆಂದರೆ ಎಲೆಯನ್ನು ಎರಡು ನಿಮಿಷ ಕುದಿಸಿ ಆ ನೀರು ಚೆಲ್ಲಿ, ಹೊಸ ನೀರು ಹಾಕಿ. ಅಷ್ಟು ಹುಳಿ ಇಲ್ಲದಿದ್ದರೆ ಚೆಲ್ಲಬೇಡಿ, ಪುಂಡಿಯ ಜೀವವೇ ಆ ಹುಳಿ.

ಸ್ಟೀಲಿನ ಪಾತ್ರೆ ಇಲ್ಲವೇ ಮಣ್ಣಿನ ಗಡಿಗೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿ ಹೋದ ಹಿತ್ತಾಳೆ ಬೇಡ. ಹುಳಿ ಲೋಹವನ್ನು ಎಳೆದು ಪಲ್ಯಕ್ಕೆ ಒಗರು ಬರುತ್ತದೆ. ಎಲೆ, ಎಂಟು ಹಸಿಮೆಣಸಿನಕಾಯಿ, ಅರ್ಧ ಲೋಟ ನೀರು ಹಾಕಿ ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಬೇಯಿಸಿ. ಹಸಿರು ಹೋಗಿ ಎಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಹುಳಿ ಸೊಪ್ಪಿನ ಗುಣವೇ ಅದು. ಸೋಡಾ ಹಾಕಿ ಹಸಿರು ಉಳಿಸಲು ಹೋದರೆ ಹುಳಿಯೂ ಹೋಗುತ್ತದೆ.

ಬೆಂದ ಬೇಳೆಗೆ ಸೊಪ್ಪು, ಒಂದೂಕಾಲು ಚಹಾ ಚಮಚ ಉಪ್ಪು, ಚಿಟಿಕೆ ಅರಿಸಿನ ಸೇರಿಸಿ ಕಡಗೋಲಿನಿಂದ ಕಡೆಯಿರಿ. ಮಿಕ್ಸಿಗೆ ಹಾಕಬೇಡಿ, ಅಂಬಲಿಯಾಗುತ್ತದೆ. ಶೇಂಗಾ ಅಲ್ಲಲ್ಲಿ ಇಡಿಯಾಗಿ ಸಿಗಬೇಕು. ಒಲೆಯ ಮೇಲೆ ಐದು ನಿಮಿಷ ಕುದಿಸಿ, ಬೇಕೆನಿಸಿದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಆರುತ್ತಾ ಬಂದಂತೆ ನುಚ್ಚು ನೀರು ಹೀರಿ ಗಟ್ಟಿಯಾಗುತ್ತದೆ. ರೊಟ್ಟಿಯ ಮೇಲೆ ಹಾಕಿದರೆ ಹರಿಯದೆ ನಿಲ್ಲುವ ಹದ ಬೇಕು.

ಒಗ್ಗರಣೆಗೆ ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ. ಸಾಸಿವೆ, ಜೀರಿಗೆ ಅರ್ಧರ್ಧ ಚಮಚ, ಜಜ್ಜಿದ ಬಳ್ಳೊಳ್ಳಿ ಹನ್ನೆರಡು ಎಸಳು, ಹೆಚ್ಚಿದ ಉಳ್ಳಾಗಡ್ಡಿ ಒಂದು. ಬಳ್ಳೊಳ್ಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಉಳ್ಳಾಗಡ್ಡಿ ಹಾಕಿ. ಕಂದಾಗಲು ಬಿಟ್ಟರೆ ಕಹಿ. ಹುಳಿ ಪಲ್ಯಕ್ಕೆ ಎಣ್ಣೆಯಲ್ಲಿ ಜಿಪುಣತನ ಮಾಡಿದರೆ ನಾಲಿಗೆ ಕೊರೆಯುತ್ತದೆ. ಬಡಿಸುವಾಗ ಮೇಲೆ ಅರ್ಧ ಚಮಚ ಹಸಿ ಕುಸುಬಿ ಎಣ್ಣೆ ಬಿಟ್ಟುಕೊಳ್ಳುವುದೂ ಉಂಟು, ಅದು ಬಹಳ ಚೆನ್ನ.

ಹಿಂಡಿ

ಶೇಂಗಾ 150 ಗ್ರಾಂ, ಖಾರಪುಡಿ ಎರಡು ಚಹಾ ಚಮಚ, ಬಳ್ಳೊಳ್ಳಿ ಎಂಟು ಎಸಳು ಸಿಪ್ಪೆ ಸಮೇತ, ಜೀರಿಗೆ ಒಂದು ಚಮಚ, ಉಪ್ಪು ಮುಕ್ಕಾಲು ಚಮಚ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕೈ ಬಿಡದೆ ಹುರಿಯಿರಿ. ಉರಿ ಜೋರಾದರೆ ಸಿಪ್ಪೆ ಕರಿದಾಗಿ ಒಳಗೆ ಹಸಿ ಉಳಿಯುತ್ತದೆ, ಅಂಥ ಹಿಂಡಿ ಎರಡೇ ದಿನಕ್ಕೆ ಮುಗ್ಗು ವಾಸನೆ. ಪೂರ್ತಿ ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಕೇರಿ. ಒರಳಿನಲ್ಲಿ ಮೊದಲು ಬಳ್ಳೊಳ್ಳಿ, ಜೀರಿಗೆ, ಉಪ್ಪು, ಖಾರ ಕುಟ್ಟಿ, ನಂತರ ಶೇಂಗಾ. ಮಿಕ್ಸಿಯಾದರೆ ಎರಡು ಸೆಕೆಂಡು ತಿರುಗಿಸಿ ನಿಲ್ಲಿಸುತ್ತಾ ನಾಲ್ಕೈದು ಸಲ. ಒಂದೇ ಸಮ ತಿರುಗಿಸಿದರೆ ಜಾರು ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ.

ಎಸರು, ನಾದುವುದು, ಬಡಿಯುವುದು

ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಎಷ್ಟು ನಾದಿದರೂ ಹಿಟ್ಟು ಎಳೆ ಕಟ್ಟುವುದಿಲ್ಲ. ಅದನ್ನು ಹಿಡಿದಿಡುವುದು ಬಿಸಿನೀರಿಗೆ ಅರೆಬೆಂದು ಉಬ್ಬಿದ ಪಿಷ್ಟ. ಜೋಳದ ಪಿಷ್ಟ ಹಾಗೆ ಅಂಟಾಗಲು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಹಿಟ್ಟಿಗೆ ಬಿದ್ದ ಕೂಡಲೇ ನೀರು ತಣಿಯುವುದರಿಂದ ಎಸರು ಕೊತಕೊತ ಕುದಿಯುತ್ತಲೇ ಇರಬೇಕು. ಬಚ್ಚಲ ಗೀಸರಿನ ಬಿಸಿನೀರು ಇದಕ್ಕೆ ಸಾಲದು.

ಪರಾತದಲ್ಲಿ ಹಿಟ್ಟು ಹಾಕಿ ನಡುವೆ ಗುಣಿ ಮಾಡಿ. ಕುದಿಯುವ ಎಸರನ್ನು ಗುಣಿಗೆ ಹೊಯ್ದು, ಸುತ್ತಲಿನ ಹಿಟ್ಟನ್ನು ಚಮಚದ ಹಿಡಿಯಿಂದ ಅದರ ಮೇಲೆ ಎಳೆದು ಮುಚ್ಚಿ. ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಕಲಸಿ, ಒಂದು ಬದಿಗೆ ಒತ್ತಿಡಿ.

ಎಲ್ಲ ಹಿಟ್ಟನ್ನೂ ಒಮ್ಮೆಲೇ ನಾದಿಡುವುದು ಹೊಸದಾಗಿ ಕಲಿಯುವವರು ಮಾಡುವ ದೊಡ್ಡ ತಪ್ಪು. ನಾದಿದ ಹಿಟ್ಟು ಹತ್ತು ನಿಮಿಷ ಕೂತರೆ ಬಿರಿಯಲು ಶುರು. ಒಂದೊಂದು ರೊಟ್ಟಿಗೆ ಬೇಕಾದಷ್ಟು, ಸುಮಾರು 90 ಗ್ರಾಂ, ದೊಡ್ಡ ನಿಂಬೆಹಣ್ಣಿನ ಎರಡರಷ್ಟು, ಮುರಿದುಕೊಂಡು ಆಗಾಗಲೇ ನಾದಬೇಕು. ಕೈಗೆ ನೀರು ಹಚ್ಚಿಕೊಂಡು ಅಂಗೈಯ ಬುಡದಿಂದ ಪರಾತಕ್ಕೆ ತಿಕ್ಕಿ ತಿಕ್ಕಿ ಎರಡು ನಿಮಿಷ. ಉಂಡಿ ಕಟ್ಟಿ ಹೆಬ್ಬೆರಳಿನಿಂದ ಒತ್ತಿ ನೋಡಿ: ಅಂಚು ಸೀಳದಿದ್ದರೆ ಹದ ಬಂತು. ಸೀಳಿದರೆ ನಾಲ್ಕು ಹನಿ ನೀರು, ಇನ್ನರ್ಧ ನಿಮಿಷ ನಾದುವುದು.

ನೆಲದ ಮೇಲೆ ಅಥವಾ ಕಟ್ಟೆಯ ಮೇಲೆ ಮಣೆಗೆ ಹಿಟ್ಟು ಉದುರಿಸಿ, ಉಂಡಿಯನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ ಇಡಿ. ಬಲಗೈ ಅಂಗೈಯಿಂದ ಬಡಿಯಿರಿ, ಪ್ರತಿ ಏಟಿಗೂ ರೊಟ್ಟಿ ತಾನೇ ಸ್ವಲ್ಪ ತಿರುಗಬೇಕು. ತಿರುಗದಿದ್ದರೆ ಕೆಳಗೆ ಹಿಟ್ಟು ಸಾಲದು, ಕೂಡಲೇ ಎತ್ತಿ ಹಿಟ್ಟು ಹಾಕಿ. ಬಲವಂತ ಮಾಡಿದರೆ ಹರಿಯುತ್ತದೆ. ಏಟು ಅಂಚಿನ ಕಡೆ ಹೆಚ್ಚು ಬೀಳಲಿ, ನಡುವೆ ಕಡಿಮೆ. ನಡು ತೆಳ್ಳಗಾದ ರೊಟ್ಟಿ ಉಬ್ಬುವುದಿಲ್ಲ. ಎಂಟೊಂಬತ್ತು ಇಂಚು ಅಗಲ ಸಾಕು. ಕೈ ಕೂಡದವರು ಮೊದಲ ವಾರ ಲಟ್ಟಣಿಗೆಯಿಂದ ಲಟ್ಟಿಸಲಿ, ತಪ್ಪೇನಿಲ್ಲ. ಬಡಿದ ರೊಟ್ಟಿಯ ಮೆತುವು ಮಾತ್ರ ಅದಕ್ಕೆ ಬರುವುದಿಲ್ಲ.

ಹಂಚು ಕಾದಿರಬೇಕು. ನೀರು ಚಿಮುಕಿಸಿದರೆ ಹನಿ ಚುರ್ ಎಂದು ಹಾರಿಹೋಗಬೇಕು. ಎರಡೂ ಅಂಗೈ ಮೇಲೆ ರೊಟ್ಟಿ ಎತ್ತಿ, ಮಣೆಯ ಕಡೆ ಇದ್ದ ಹಿಟ್ಟಿನ ಬದಿ ಮೇಲೆ ಬರುವಂತೆ ಹಂಚಿಗೆ ಹಾಕಿ. ತಕ್ಷಣ ಒದ್ದೆ ಅರಿವೆಯಿಂದ ಮೇಲಿನ ಹಿಟ್ಟನ್ನೆಲ್ಲ ಸವರಿ, ಅಂಚಿಗೂ ನೀರು ತಾಗಲಿ. ನೀರಿನ ಹೊಳಪು ಆರಿ, ಆದರೆ ಮೇಲ್ಮೈ ಇನ್ನೂ ಮೆತ್ತಗಿರುವ ಆ ಕ್ಷಣದಲ್ಲಿ, ಅಂದರೆ ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ, ಮಗುಚಿ. ಇಡೀ ರೊಟ್ಟಿಯ ಹಣೆಬರಹ ಇಲ್ಲಿದೆ. ಬೇಗ ಮಗುಚಿದರೆ ಹಂಚಿಗೆ ಅಂಟುತ್ತದೆ. ತಡವಾದರೆ ಮೇಲ್ಮೈ ಒಣಗಿ ಬಿರುಕು ಬಿಟ್ಟು, ಹಬೆ ಅಲ್ಲಿಂದಲೇ ಹೊರಟುಹೋಗಿ ರೊಟ್ಟಿ ಉಬ್ಬುವುದಿಲ್ಲ. ಎರಡನೆಯ ಬದಿ ಒಂದು ನಿಮಿಷ ಬೇಯಲಿ, ನಂತರ ನೇರ ಉರಿಗೆ ಹಿಡಿಯಿರಿ ಇಲ್ಲವೇ ಮತ್ತೆ ಮಗುಚಿ ಅರಿವೆಯಿಂದ ಅಂಚು ಒತ್ತಿ. ಪೂರಿಯಂತೆ ಏಳುತ್ತದೆ.

ರೊಟ್ಟಿಯ ಮೇಲೆ ಬಿಳಿ ಹಿಟ್ಟಿನ ಮಚ್ಚೆ ಉಳಿದರೆ ಅರಿವೆಯಲ್ಲಿ ನೀರು ಕಡಿಮೆ. ಹೊರಗೆ ಕಪ್ಪು, ಒಳಗೆ ಹಸಿ ಇದ್ದರೆ ರೊಟ್ಟಿ ದಪ್ಪ ಅಥವಾ ಉರಿ ಜೋರು. ಎತ್ತುವಾಗ ಹರಿದರೆ ಎಸರು ಕುದಿದಿರಲಿಲ್ಲ, ಇಲ್ಲವೇ ಹಿಟ್ಟು ಹಳೆಯದು. ಹಳೆ ಹಿಟ್ಟೇ ಗತಿಯಾದರೆ ಎಸರಿನಲ್ಲೇ ಒಂದು ದೊಡ್ಡ ಚಮಚ ಹಿಟ್ಟು ಕದಡಿ ಗಂಜಿ ಕಾಯಿಸಿ, ಆ ಗಂಜಿಯಿಂದ ಕಲಸಿ. ಗೋಧಿಹಿಟ್ಟು ಬೆರೆಸುವ ಉಪಾಯ ಸುಲಭ ನಿಜ, ಆದರೆ ಜೋಳದ ಪರಿಮಳ ಅಷ್ಟರ ಮಟ್ಟಿಗೆ ಹೋದಂತೆಯೇ.

ತಾಟಿಗೆ ಬೀಳುವಾಗ

ಜೊತೆಗೆ ಗುದ್ದಿದ ಉಳ್ಳಾಗಡ್ಡಿ, ಸವತಿಕಾಯಿ, ಹಸಿ ಮೆಂತೆ ಸೊಪ್ಪು, ಗಟ್ಟಿ ಮೊಸರು. ಉಳ್ಳಾಗಡ್ಡಿಯನ್ನು ಹೆಚ್ಚುವುದಕ್ಕಿಂತ ಕೈಯಿಂದ ಗುದ್ದಿ ಒಡೆದರೆ ಪುಂಡಿಗೆ ಚೆನ್ನಾಗಿ ಹೊಂದುತ್ತದೆ. ಹಿಂಡಿಯ ನಡುವೆ ಗುಣಿ ಮಾಡಿ ಎಣ್ಣೆಯನ್ನೋ ಮೊಸರನ್ನೋ ಬಿಟ್ಟುಕೊಳ್ಳಿ.

ಬಡಿಯುವವರು ಒಬ್ಬರೇ ಆದರೆ ಅವರ ಪಾಲಿಗೆ ಯಾವಾಗಲೂ ತಣ್ಣನೆಯ ಕೊನೆಯ ರೊಟ್ಟಿ. ಇದು ಸರಿಯಲ್ಲ. ನಾಲ್ಕು ರೊಟ್ಟಿ ಆದ ಮೇಲೆ ಉಂಡವರು ಎದ್ದು ಹಂಚಿನ ಮುಂದೆ ಕೂರಲಿ, ಬಡಿದವರು ಬಿಸಿಯದು ಉಣ್ಣಲಿ. ಬಡಿಯಲು ಬಾರದವರೂ ಬೇಯಿಸಲು ಅರ್ಧ ತಾಸಿನಲ್ಲಿ ಕಲಿಯುತ್ತಾರೆ.

ಪಕ್ಕದ ಮನೆಗೆ ಕೊಡುವುದಿದ್ದರೆ ಬಿಸಿ ರೊಟ್ಟಿಯನ್ನು ನೇರ ಸ್ಟೀಲಿನ ಡಬ್ಬಿಗೆ ಹಾಕಬೇಡಿ, ಹಬೆ ನೀರಾಗಿ ತಳದ ರೊಟ್ಟಿ ಮುದ್ದೆಯಾಗುತ್ತದೆ. ಒಂದು ನಿಮಿಷ ಬುಟ್ಟಿಯಲ್ಲಿ ಆರಿಸಿ, ಒಣ ಹತ್ತಿ ಅರಿವೆಯಲ್ಲಿ ನಾಲ್ಕು ಮಡಿಕೆ ಸುತ್ತಿ ಕಳಿಸಿ. ಪುಂಡಿ ಬೇರೆ ಬಟ್ಟಲಲ್ಲಿ, ಹಿಂಡಿ ಒಣದಾಗಿಯೇ. ಎಣ್ಣೆ ಅವರೇ ಹಾಕಿಕೊಳ್ಳುತ್ತಾರೆ.

ಉಳಿದ ರೊಟ್ಟಿಯನ್ನು ಮುಚ್ಚಿಡದೆ, ಒಲೆ ಆರಿಸಿದ ಮೇಲೆ ಬಿಸಿ ಹಂಚಿಗೆ ಆನಿಸಿ ನಿಲ್ಲಿಸಿ. ಬೆಳಿಗ್ಗೆಗೆ ಖಡಕ್ ಆಗಿರುತ್ತದೆ, ಮೊಸರು ಹಿಂಡಿಗೆ ಅದೇ ನಾಷ್ಟಾ.

ಮಕ್ಕಳಿದ್ದರೆ ಕೊನೆಯ ಉಂಡಿಯನ್ನು ಮುಟಗಿಗೆ ತೆಗೆದಿಡಿ. ಅದನ್ನು ಮಾತ್ರ ದಪ್ಪಗೆ, ಐದಾರು ಇಂಚಿಗೇ ನಿಲ್ಲಿಸಿ, ಸಣ್ಣ ಉರಿಯಲ್ಲಿ ಎರಡೂ ಬದಿ ನಿಧಾನ ಬೇಯಿಸಬೇಕು. ಒರಳಿನಲ್ಲಿ ಎರಡು ಎಸಳು ಬಳ್ಳೊಳ್ಳಿ, ಕಾಲು ಚಮಚ ಜೀರಿಗೆ, ಚಿಟಿಕೆ ಉಪ್ಪು, ಸ್ವಲ್ಪ ಖಾರ ಜಜ್ಜಿ, ರೊಟ್ಟಿಯನ್ನು ಬಿಸಿಬಿಸಿ ಮುರಿದು ಹಾಕಿ ಕುಟ್ಟಿ. ಒಂದು ಚಮಚ ಶೇಂಗಾ ಎಣ್ಣೆ ಇಲ್ಲವೇ ತುಪ್ಪ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಮುಟಗಿ ಕಟ್ಟಿ, ಬೆರಳಿನ ಅಚ್ಚು ಮೂಡಿದ ಹಾಗೇ ಕೈಗೆ ಕೊಡಿ.