ಡಿಸೆಂಬರ್ ಬಿಸಿಲಲ್ಲಿ ಕ್ರಿಸ್‌ಮಸ್: ಮಲೆನಾಡಿನಿಂದ ಆಸ್ಟ್ರೇಲಿಯಾಕ್ಕೆ ಹೊರಡುವವರಿಗೆ

ಚಿಕ್ಕಮಗಳೂರಿನಲ್ಲಿ ಡಿಸೆಂಬರ್ 24ರ ರಾತ್ರಿ ಬಲಿಪೂಜೆಗೆ ಹೊರಟರೆ ಸ್ವೆಟರ್ ಮೇಲೊಂದು ಮಫ್ಲರ್ ಬೇಕು. ಅದೇ ವಾರ ಮೆಲ್ಬರ್ನ್‌ನಲ್ಲೋ ಪರ್ತ್‌ನಲ್ಲೋ ಹಗಲು 38 ಡಿಗ್ರಿ ದಾಟಬಹುದು. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗಿ ಹಬ್ಬವನ್ನೂ ಅಲ್ಲೇ ಮಾಡುವ ನಮ್ಮವರು ಬಟ್ಟೆಯನ್ನು ಸರಿಯಾಗೇ ಒಯ್ಯುತ್ತಾರೆ. ಎಡವುವುದು ದಿನಚರಿಯಲ್ಲಿ. ರಾತ್ರಿಯೆಲ್ಲ ಎಚ್ಚರ, ಮಧ್ಯಾಹ್ನ ಒಂದೂವರೆಗೆ ಭಾರಿ ಊಟ, ಉಂಡ ಮೇಲೆ ನೆಂಟರಿಷ್ಟರ ಮನೆ ಸುತ್ತಾಟ. ಊರಿನ ಈ ಕ್ರಮವನ್ನು ಅಲ್ಲಿ ಹಾಗೇ ನಡೆಸಿದರೆ 26ಕ್ಕೆ ತಲೆನೋವು, ವಾಂತಿ ಅಂತ ಮಲಗಬೇಕಾಗುತ್ತದೆ. ಹಬ್ಬವನ್ನು ಎರಡು ತುಂಡು ಮಾಡಿ, ಒಂದನ್ನು ಬೆಳಗ್ಗೆ ಹತ್ತರೊಳಗೆ, ಇನ್ನೊಂದನ್ನು ಸಂಜೆ ಆರರ ಮೇಲೆ ಇಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಸುತ್ತಲೇ ಇದೆ.

ಹೊರಡುವ ದಿನದ ಬಗ್ಗೆ ಒಂದು ಮಾತು. ಅರೇಬಿಕಾ ತೋಟದವರಿಗೆ ಡಿಸೆಂಬರ್ ಅಂದರೆ ಕೊಯ್ಲು, ಪಲ್ಪಿಂಗ್, ಕಣದ ಕೆಲಸ. ಬಿಟ್ಟು ಹೋಗುವುದು ಕಷ್ಟ. ರೊಬಸ್ಟಾ ಮಾತ್ರ ಇರುವವರು ಜನವರಿ ಮೊದಲ ವಾರಕ್ಕೆ ವಾಪಸಾಗುವಂತೆ ಟಿಕೆಟ್ ಮಾಡಿಸಿದರೆ ಎರಡೂ ನಡೆಯುತ್ತದೆ. ಹಬ್ಬದ ಹಿಂದಿನ ದಿನ ಹೋಗಿ ಇಳಿಯಬೇಡಿ. ಚಳಿಗೆ ಒಗ್ಗಿದ ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಡಿಸೆಂಬರ್ 15ರ ಸುಮಾರಿಗೆ ತಲುಪಿ, ದಿನಾ ಸಂಜೆ ಅರ್ಧ ಗಂಟೆ ನಡೆದರೆ 25ರ ಹೊತ್ತಿಗೆ ಮೈ ಹದಕ್ಕೆ ಬಂದಿರುತ್ತದೆ. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಿಸಿಲಿನ ದಿನ ಡೋಸ್ ಹೇಗೆ ಎಂದು ಇಲ್ಲಿನ ಡಾಕ್ಟರರನ್ನೇ ಕೇಳಿ ಹೊರಡಿ. ಮೂರು ತಿಂಗಳಿಗೆ ಆಗುವಷ್ಟು ಔಷಧಿಯನ್ನು ಚೀಟಿಯ ಸಮೇತ ಒಯ್ಯಬಹುದು. ಮಾತ್ರೆಗಳನ್ನು ಮೂಲ ಪ್ಯಾಕಿನಿಂದ ಬಿಚ್ಚಿ ಡಬ್ಬಿಗೆ ಸುರಿಯಬೇಡಿ.

ಡಬ್ಬಿಯಲ್ಲಿ ಏನಿರಬಹುದು

ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳು, ಇಲ್ಲದ ಕ್ರಿಸ್‌ಮಸ್ ಕ್ರಿಸ್‌ಮಸ್ಸೇ ಅಲ್ಲ, ಒಪ್ಪೋಣ. ಆದರೆ ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ತಪಾಸಣೆ ಬಹಳ ಬಿಗಿ. ನಿಯಮ ಒಂದೇ: ತಿನ್ನುವ ವಸ್ತು ಯಾವುದಿದ್ದರೂ ಪ್ರಯಾಣಿಕರ ಕಾರ್ಡ್‌ನಲ್ಲಿ 'ಹೌದು' ಎಂದು ಗುರುತು ಹಾಕಿ. ಹೇಳಿದ ವಸ್ತುವನ್ನು ಬೇಡವೆಂದರೆ ಕಸಕ್ಕೆ ಹಾಕುತ್ತಾರೆ, ಅಷ್ಟೇ. ಹೇಳದೆ ಸಿಕ್ಕಿಬಿದ್ದರೆ ದಂಡ, ಕೆಲವೊಮ್ಮೆ ವೀಸಾಕ್ಕೇ ಕುತ್ತು. ಕಳೆದ 30 ದಿನಗಳಲ್ಲಿ ಕೃಷಿ ಜಮೀನಿಗೆ ಹೋಗಿದ್ದೀರಾ ಎಂಬ ಪ್ರಶ್ನೆಗೆ ತೋಟದ ಮನೆಯವರು 'ಇಲ್ಲ' ಎನ್ನುವುದು ಸುಳ್ಳಾಗುತ್ತದೆ. ಹೌದೆಂದೇ ಬರೆಯಿರಿ, ಶೂಗಳ ಅಡಿಯ ಮಣ್ಣನ್ನು ಬ್ರಷ್ ಹಾಕಿ ತೊಳೆದು ಒಣಗಿಸಿ ಒಯ್ಯಿರಿ. ಗೆರೆಗೆರೆಯ ಸಂದಿಯಲ್ಲಿ ಉಳಿದ ಕೆಂಪು ಮಣ್ಣನ್ನೂ ಅವರು ನೋಡುತ್ತಾರೆ.

ಪೂರ್ತಿ ಬೆಂದ ಕೇಕ್, ಬಿಸ್ಕತ್ತಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಹುರಿದು ಪುಡಿ ಮಾಡಿದ ಕಾಫಿಗೂ ಇಲ್ಲ. ಪೇಡ, ಬರ್ಫಿ, ಖೋವಾದಂಥ ಹಾಲಿನ ಸಿಹಿಯನ್ನು ಮನೆಯಲ್ಲೇ ಬಿಡಿ. ಭಾರತದಲ್ಲಿ ದನಕರುಗಳಿಗೆ ಕಾಲುಬಾಯಿ ರೋಗ ಇರುವುದರಿಂದ ಅವನ್ನು ಒಳಗೆ ಬಿಡುವುದಿಲ್ಲ. ಹಂದಿ ಮಾಂಸದ ಉಪ್ಪಿನಕಾಯಿ, ಹಸಿ ಕರಿಬೇವು, ತೋಟದ ಹಸಿ ಕಾಫಿ ಬೀಜ ಬೇಡವೇ ಬೇಡ. ಪರ್ತ್ ಕಡೆ ಹೋಗುವವರು ಜೇನನ್ನೂ ಒಯ್ಯಬೇಡಿ. ಮನೆಯ ದ್ರಾಕ್ಷಿ ವೈನ್ ಕೂಡ ಬೇಡ. ಹುಳಿಯುವುದು ಪೂರ್ತಿ ನಿಂತಿರದಿದ್ದರೆ ಬಿಸಿಗೆ ಗ್ಯಾಸ್ ತುಂಬಿ ಬಿರಡೆ ಹಾರಿ ಸೂಟ್‌ಕೇಸ್ ತುಂಬ ಕೆಂಪಾಗುತ್ತದೆ.

ಕಿಡಿಯೊ (ಸುರುಳಿಯಾಕಾರದ ಕರಿದ ಸಿಹಿ) ಮತ್ತು ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ ಒಯ್ಯುವುದಾದರೆ ಕರಿದು ಪೂರ್ತಿ ಆರಿದ ಮೇಲೆ, ಅಂದರೆ ಕನಿಷ್ಠ ಮೂರು ಗಂಟೆ ಬಿಟ್ಟು, ಸ್ಟೀಲ್ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತವೆ. ಕೊಕ್ಕಿಸಾಂಗಳನ್ನು ಒಂದರ ಮೇಲೊಂದು ಮಲಗಿಸದೆ ತಟ್ಟೆಗಳನ್ನು ನಿಲ್ಲಿಸಿದಂತೆ ಜೋಡಿಸಿ, ಖಾಲಿ ಜಾಗಕ್ಕೆ ಟಿಶ್ಯೂ ತುರುಕಿ. ಎಳ್ಳು-ಕೊಬ್ಬರಿ ತುಂಬಿದ, ಕರಿಗಡುಬಿನಂಥ ನೆವ್ರಿ ಬಿಸಿಲ ನಾಡಿನಲ್ಲಿ ಬೇಗ ಕಮಟು ಹತ್ತುತ್ತದೆ. ಅದನ್ನು ಅಲ್ಲೇ ಮಾಡುವುದು ಲೇಸು.

ಗೋದಲಿ

ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಒಣಹುಲ್ಲು, ಪಾಚಿ, ಸಿಪ್ಪೆ ಸಮೇತ ಕಾಫಿ ಗಿಡದ ಕಡ್ಡಿ ಒಯ್ಯುವ ಆಸೆ ಸಹಜ. ಯಾವುದನ್ನೂ ಒಳಗೆ ಬಿಡುವುದಿಲ್ಲ. ಮಣ್ಣಿನ ಗೊಂಬೆಗಳನ್ನು ಮಾತ್ರ, ಹಳೆಯ ಹುಲ್ಲಿನ ಎಳೆ ಅಂಟಿಕೊಂಡಿರದಂತೆ ಒರೆಸಿ, ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಹುಲ್ಲು ಅಲ್ಲೇ ಸಿಗುತ್ತದೆ. ಲಾನ್ ಕತ್ತರಿಸಿದ ಹುಲ್ಲನ್ನು ಒಂದು ಮಧ್ಯಾಹ್ನ ಬಿಸಿಲಿಗೆ ಹರಡಿದರೆ ಸಾಕು.

ಹಸಿರಿಗೆ ಗೋಧಿ ಮೊಳಕೆ. ನಮ್ಮ ಚಳಿಯಲ್ಲಿ ಅದಕ್ಕೆ ಹತ್ತು ಹನ್ನೆರಡು ದಿನ ಬೇಕು. ಅಲ್ಲಿ 28-30 ಡಿಗ್ರಿಯಲ್ಲಿ ಆರೇ ದಿನಕ್ಕೆ ನಾಲ್ಕು ಬೆರಳೆತ್ತರ ಬಂದುಬಿಡುತ್ತದೆ. ಆದ್ದರಿಂದ ಬಿತ್ತನೆ 18ಕ್ಕೆ. ಕಾಲು ಕೆಜಿ ಗೋಧಿಯನ್ನು ಹನ್ನೆರಡು ಗಂಟೆ ನೆನೆಸಿ, ಅಡಿಯಲ್ಲಿ ತೂತಿರುವ ಟ್ರೇಯಲ್ಲಿ ಒಂದಿಂಚು ಮಣ್ಣು ಹಾಸಿ, ಕಾಳಿಗೆ ಕಾಳು ತಾಗುವಂತೆ ಹರಡಿ. ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಮೊಳಕೆ ಬಟ್ಟೆಯನ್ನು ಎತ್ತಲು ಶುರು ಮಾಡಿದಾಗ ತೆಗೆದುಬಿಡಿ. ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಮೂರನೇ ದಿನ ಬೇರಿನ ಸುತ್ತ ಬಿಳಿ ನವಿರು ಕಾಣಿಸಿದರೆ ಗಾಬರಿಯಾಗಿ ಎಸೆಯಬೇಡಿ. ನೀರು ಚಿಮುಕಿಸಿ ನೋಡಿ: ಬೇರುಗೂದಲಾದರೆ ನೀರು ಬಿದ್ದೊಡನೆ ಅಂಟಿಕೊಂಡು ಮಾಯವಾಗುತ್ತದೆ. ಬೂಸ್ಟಾದರೆ ಹಾಗೇ ಇರುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ. ಬೂಸ್ಟು ಬರುವುದು ನೀರು ನಿಂತಾಗ ಮತ್ತು ಬಟ್ಟೆಯನ್ನು ತಡವಾಗಿ ತೆಗೆದಾಗ.

ಮೇಣದ ಬತ್ತಿ ಕಾರಿನೊಳಗೆ ಬಿಟ್ಟರೆ ಬಾಗಿ ಹೋಗುತ್ತದೆ. ಒಣಹುಲ್ಲಿನ ಪಕ್ಕ ಅದನ್ನು ಹಚ್ಚುವುದಂತೂ ಆ ಒಣ ಹವೆಯಲ್ಲಿ ಅಪಾಯ. ಪುಟ್ಟ ಎಲ್‌ಇಡಿ ಸರ ಸಾಕು.

25ರ ದಿನ

ಎಲ್ಲ ಚರ್ಚುಗಳಲ್ಲೂ ಮಧ್ಯರಾತ್ರಿಯ ಬಲಿಪೂಜೆ ಇರುವುದಿಲ್ಲ. ಅನೇಕ ಕಡೆ 24ರ ಸಂಜೆಯೇ ಮುಗಿಸುತ್ತಾರೆ. ವಾರ ಮೊದಲೇ ಹೊತ್ತು ಕೇಳಿಟ್ಟುಕೊಳ್ಳಿ. ವಯಸ್ಸಾದವರಿಗೆ 25ರ ಬೆಳಗಿನ ಪೂಜೆಯೇ ಹಿತ. ಅಂಗಡಿಗಳು 25ಕ್ಕೆ ಹೆಚ್ಚುಕಡಿಮೆ ಎಲ್ಲ ಮುಚ್ಚಿರುತ್ತವೆ, 26 ಕೂಡ ರಜೆ. ಹಾಲು, ಬ್ರೆಡ್, ಐಸ್ 24ರ ಮಧ್ಯಾಹ್ನದೊಳಗೆ ಮನೆಯಲ್ಲಿರಲಿ.

ಸಮುದ್ರಕ್ಕೆ ಹೋಗುವುದಾದರೆ ಏಳರಿಂದ ಒಂಬತ್ತೂವರೆ. ಅಲ್ಲಿನ ಬೇಸಿಗೆಯಲ್ಲಿ ಯುವಿ ಸೂಚ್ಯಂಕ (ಚರ್ಮ ಸುಡುವ ನೇರಳಾತೀತ ಕಿರಣಗಳ ಅಳತೆ) ನಡುಹಗಲು 11 ದಾಟುತ್ತದೆ, 3ಕ್ಕೆ ಏರಿದಾಗಲೇ ರಕ್ಷಣೆ ಬೇಕು. "ನಮ್ಮದು ಕಪ್ಪು ಚರ್ಮ, ಏನಾಗಲ್ಲ" ಎಂಬ ಮಾತು ನಿಜವಲ್ಲ. ಸುಡುವುದು ನಿಧಾನ, ಆದರೆ ಸುಡುತ್ತದೆ. ದೊಡ್ಡವರೊಬ್ಬರಿಗೆ ಒಂದು ಸಲಕ್ಕೆ 35 ಮಿಲಿ ಸನ್‌ಸ್ಕ್ರೀನ್ ಬೇಕು: ಎರಡು ಕೈಗೆ ಎರಡು ಟೀ ಚಮಚ, ಎರಡು ಕಾಲಿಗೆ ಎರಡು, ಎದೆಗೊಂದು, ಬೆನ್ನಿಗೊಂದು, ಮುಖ-ಕುತ್ತಿಗೆ-ಕಿವಿಗೆ ಒಂದು. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ. ಬಹುಪಾಲು ಜನ ಇದರ ಅರ್ಧವನ್ನೂ ಹಚ್ಚುವುದಿಲ್ಲ. ಮರೆಯುವ ಜಾಗ ಕಿವಿಯ ತುದಿ, ಸೀರೆ-ರವಿಕೆಯ ನಡುವಿನ ಬೆನ್ನು, ಚಪ್ಪಲಿಯ ಪಟ್ಟಿಗಳ ನಡುವಿನ ಪಾದ.

ನೀರಿಗಿಳಿಯುವುದು ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ. ಭದ್ರಾ, ಹೇಮಾವತಿಯಲ್ಲಿ ಈಜಿ ಬೆಳೆದವರಿಗೂ ಅಲ್ಲಿನ ಒಳಸೆಳೆತ ಹೊಸದು. ಅಲೆ ಒಡೆಯದೆ ಶಾಂತವಾಗಿ, ಗಾಢ ಬಣ್ಣದಲ್ಲಿ ಕಾಣುವ ನೀರಿನ ಪಟ್ಟಿಯೇ ಸೆಳೆತ, ಅಲ್ಲಿಗೇ ಮಕ್ಕಳನ್ನು ಇಳಿಸುವುದು ಸಾಮಾನ್ಯ ತಪ್ಪು. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡಬೇಡಿ. ತೇಲಿ, ಕೈ ಎತ್ತಿ, ಕರೆಯಿರಿ. ತುರ್ತಿಗೆ ಸಂಖ್ಯೆ 000.

ಹನ್ನೊಂದರಿಂದ ಐದರ ತನಕ ಪರದೆ ಎಳೆದು ಒಳಗಿರಿ, ಮಲಗಿ. ಊಟ ಹಗುರವಾಗಿರಲಿ: ಮೊಸರನ್ನ, ತಣ್ಣಗಿನ ಸಿಗಡಿ, ಆಗ ಅಲ್ಲಿ ಹಂಗಾಮಿನಲ್ಲಿರುವ ಮಾವು, ಚೆರ್ರಿ. ತಲೆಸುತ್ತು, ವಾಕರಿಕೆ, ಕಾಲಿನ ಸೆಟೆತ ಕಂಡರೆ ನೆರಳಿಗೆ ಕರೆತಂದು ಒದ್ದೆ ಬಟ್ಟೆ ಹಾಕಿ, ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕುಗುಟುಕಾಗಿ ಕುಡಿಸಿ. ಮಾತು ತಡವರಿಸಿದರೆ ಕಾಯಬೇಡಿ, ಆಂಬುಲೆನ್ಸ್ ಕರೆಯಿರಿ.

ಮೆಲ್ಬರ್ನ್‌ನಲ್ಲಿ ಇನ್ನೊಂದು ವಿಚಿತ್ರ. ದಕ್ಷಿಣದ ಗಾಳಿ ತಿರುಗಿದರೆ 38 ಇದ್ದದ್ದು ಗಂಟೆಯೊಳಗೆ 22ಕ್ಕೆ ಇಳಿಯಬಹುದು. ತೆಳು ಸ್ವೆಟರ್ ಒಂದು ಬ್ಯಾಗಿನಲ್ಲಿರಲಿ.

ಸಂಜೆಯ ಅಡುಗೆ

ಬಫಾತನ್ನು (ಮಸಾಲೆ ಹಾಕಿದ ಮಾಂಸದ ಪದಾರ್ಥ) 24ರ ರಾತ್ರಿಯೇ ಮಾಡಿಡಿ, ಮರುದಿನಕ್ಕೆ ಮಸಾಲೆ ಇಳಿದು ಅದರ ರುಚಿಯೇ ಬೇರೆ. ಊರಿನಂತೆ ಪಾತ್ರೆ ಸಮೇತ ಒಲೆಯ ಮೇಲೆ ಬಿಡುವಂತಿಲ್ಲ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ, ದಪ್ಪ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಆ ಬಿಸಿಯಲ್ಲೇ ಉಳಿಯುತ್ತದೆ. ಎರಡಿಂಚು ಆಳದ ಟ್ರೇಗಳಿಗೆ ಹಂಚಿ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಸಾನ್ನದ ಹಿಟ್ಟು ಉಕ್ಕಲು ಇಲ್ಲಿ ಕಂಬಳಿ ಹೊದಿಸಿದರೂ ರಾತ್ರಿಯೆಲ್ಲ ಬೇಕು. ಅಲ್ಲಿ 32 ಡಿಗ್ರಿಯಲ್ಲಿ ನಾಲ್ಕೈದು ಗಂಟೆಗೆ ಉಕ್ಕಿ, ಆರನೇ ಗಂಟೆಗೆ ಹುಳಿ ಏರುತ್ತದೆ. ಎರಡು ಕಪ್ ಅಕ್ಕಿಗೆ ಕಾಲು ಟೀ ಚಮಚ ಒಣ ಯೀಸ್ಟ್ ಸಾಕು. ಮಧ್ಯಾಹ್ನ ರುಬ್ಬಿ, ಹಿಟ್ಟು ಒಂದೂವರೆ ಪಟ್ಟು ಆದೊಡನೆ ಫ್ರಿಜ್‌ಗಿಟ್ಟು, ಬೇಯಿಸುವ ಅರ್ಧ ಗಂಟೆ ಮೊದಲು ತೆಗೆಯಿರಿ. ಅಂಗಳದಲ್ಲಿ ಇದ್ದಿಲ ಒಲೆ ಹಚ್ಚುವ ಮುನ್ನ ಆ ದಿನ ಬೆಂಕಿ ನಿಷೇಧ ಇದೆಯೇ ಎಂದು ನೋಡಲೇಬೇಕು. ಕಾಳ್ಗಿಚ್ಚಿನ ಭಯದ ದಿನಗಳಲ್ಲಿ ಅದು ಅಪರಾಧ.

ಕಾಫಿ ಬಿಡುವುದು ಹೇಗೆ? ಗಟ್ಟಿ ಡಿಕಾಕ್ಷನ್ ಇಳಿಸಿ ಐಸ್ ಟ್ರೇಯಲ್ಲಿ ಗಡ್ಡೆ ಕಟ್ಟಿಸಿ, ನಾಲ್ಕು ಗಡ್ಡೆಗೆ ಒಂದು ಲೋಟ ತಣ್ಣನೆಯ ಹಾಲು. ನೀರಿನ ಐಸ್ ಹಾಕಿದರೆ ನೀರುನೀರಾಗುತ್ತದೆ.

ನಕ್ಷತ್ರ ಹಚ್ಚಲು ಆತುರ ಬೇಡ. ಸೂರ್ಯ ಮುಳುಗುವುದು ಬ್ರಿಸ್ಬೇನ್‌ನಲ್ಲಿ ಆರೂಮುಕ್ಕಾಲರ ಹತ್ತಿರ, ಸಿಡ್ನಿಯಲ್ಲಿ ಎಂಟು ದಾಟಿ, ಮೆಲ್ಬರ್ನ್‌ನಲ್ಲಿ ಎಂಟೂಮುಕ್ಕಾಲರ ಸುಮಾರಿಗೆ. ಸಿಡ್ನಿ, ಮೆಲ್ಬರ್ನ್ ಆಗ ನಮಗಿಂತ ಐದೂವರೆ ಗಂಟೆ ಮುಂದೆ, ಪರ್ತ್ ಎರಡೂವರೆ. ಊರಿನಲ್ಲಿ ರಾತ್ರಿ 11.30ಕ್ಕೆ ಬಲಿಪೂಜೆಯ ಗಂಟೆ ಹೊಡೆದಾಗ ಸಿಡ್ನಿಯಲ್ಲಿ 25ರ ಬೆಳಗಿನ ಐದು. ಊರಿನವರು ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಕೂತಾಗ ಅಲ್ಲಿ ಸಂಜೆ ಆರೂವರೆ, ನಿಮ್ಮ ಸಾನ್ನ ಹಬೆಯಲ್ಲಿರುವ ಹೊತ್ತು. ವಿಡಿಯೊ ಕಾಲ್ ಆಗಲೇ ಮಾಡಿ. ತೋಟದ ಮನೆಯಲ್ಲಿ ಸಿಗ್ನಲ್ ಇರುವ ಮೂಲೆ ಯಾವುದೆಂದು ಹೊರಡುವ ಮೊದಲೇ ಅವರಿಗೆ ತೋರಿಸಿ ಬನ್ನಿ.