ಬೊಟ್ಟನ ಗೂಡಿಗೆ ಪೇರಳೆ ಕೋಲು ಹೋದದ್ದು

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಚಾವಡಿಯಲ್ಲಿ ಒಂದು ಕಾಕಟೀಲ್ ಇದೆ, ಗಿಳಿ ಜಾತಿಯ ಜುಟ್ಟಿನ ಹಕ್ಕಿ. ಕೆನ್ನೆ ಮೇಲೆ ಕಿತ್ತಳೆ ಬಣ್ಣದ ಬೊಟ್ಟು, ಹಾಗಾಗಿ ಹೆಸರು ಬೊಟ್ಟ. ಪಕ್ಕದ ಮನೆಯ ಮಲಯಾಳಿ ಮಕ್ಕಳಿಗೆ ಅದು ತತ್ತಮ್ಮ, ಅಂದರೆ ಗಿಳಿಯಮ್ಮ. ಗಂಡು ಹಕ್ಕಿ, ಆದರೂ ಪಾಪ ಆ ಹೆಸರಿಗೂ ಓಗೊಡುತ್ತದೆ. ತೋಟಕ್ಕೆ ಬರುವ ನಮ್ಮ ಹಸಿರು ಗಿಳಿಯನ್ನು ಹಿಡಿದು ಸಾಕುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ್ದು. ನಾನು ತಂದದ್ದು ಮಂಗಳೂರಿನ ಅಂಗಡಿಯಿಂದ.

ಮಳೆಗಾಲದ ಒಂದು ಭಾನುವಾರ ನನಗೆ ಉಮೇದು ಬಂತು. ಗೂಡು ತೊಳೆದೆ. ಅಂಗಡಿಯವರು ಕೊಟ್ಟಿದ್ದ ನುಣುಪು ಕೋಲನ್ನು ತೆಗೆದು ಪೇರಳೆ ಕೊಂಬೆ ಹಾಕಿದೆ. ಒಂದೇ ದಪ್ಪದ ಕೋಲಿನಲ್ಲಿ ಸದಾ ಕೂತರೆ ಹಕ್ಕಿಯ ಅಂಗಾಲು ಹುಣ್ಣಾಗುತ್ತದೆ, ಉದ್ದೇಶ ಒಳ್ಳೆಯದೇ. ಸಾಲದ್ದಕ್ಕೆ ಗಂಟೆ ಇರುವ ಕೆಂಪು ಪ್ಲಾಸ್ಟಿಕ್ ಉಯ್ಯಾಲೆಯನ್ನೂ ನೇತುಹಾಕಿದೆ. ಬೊಟ್ಟ ಒಳಗೆ ಹೋದವನೇ ಸರಳಿಗೆ ಅಂಟಿಕೊಂಡ. ಜುಟ್ಟು ಸೂಜಿಯ ಹಾಗೆ ನೆಟ್ಟಗೆ, ಮೈ ಅರ್ಧ ಸಪೂರ. ಸಂಜೆಯವರೆಗೆ ಒಂದು ಕಾಳು ಮುಟ್ಟಲಿಲ್ಲ. "ಅಭ್ಯಾಸ ಆಗ್ತದೆ" ಅಂತ ನಾನು ಸುಮ್ನೆ ಬಿಟ್ಟೆ.

ರಾತ್ರಿ ಕರೆಂಟು ಹೋಯಿತು. ಗೂಡಿನೊಳಗೆ ಪಟಪಟ ಬಡಿದಾಡುವ ಸದ್ದು. ಟಾರ್ಚ್ ಹಾಕಿದರೆ ಕೆಳಗಿನ ಪೇಪರಿನಲ್ಲಿ ರಕ್ತದ ಹನಿ. ಹೊಸದಾಗಿ ಬರುತ್ತಿದ್ದ ರೆಕ್ಕೆಗರಿ ಮುರಿದಿತ್ತು, ಬೆಳೆಯುವ ಗರಿಯೊಳಗೆ ರಕ್ತ ಓಡಾಡುತ್ತಿರುತ್ತದೆ ನೋಡಿ. ಮೈದಾ ಒತ್ತಿ ಹಿಡಿದೆ, ನಿಂತಿತು. ಅಮ್ಮ ಹಿಂದಿನಿಂದ, "ನಿನ್ನ ಮಂಚ, ದಿಂಬು, ಬಾಗಿಲು ಎಲ್ಲ ಒಂದೇ ದಿನ ಬದಲಿಸಿದ್ರೆ ನಿನಗೆ ನಿದ್ದೆ ಬರ್ತದಾ ಮಾರಾಯ?" ಅಂದರು.

ಮರುದಿನ ಬೆಳಿಗ್ಗೆ ಹಳೆ ಕೋಲು ಇದ್ದ ಜಾಗಕ್ಕೇ ಬಂತು. ಉಯ್ಯಾಲೆ ಅಟ್ಟಕ್ಕೆ ಹೋಯಿತು. ಒಂದು ವಾರ ನಾನು ಏನೂ ಮಾಡಲಿಲ್ಲ.

ಆಮೇಲೆ ಪೇರಳೆ ಕೊಂಬೆಯನ್ನು ಎದುರಿನ ಕಿಟಕಿಗೆ ಕಟ್ಟಿದೆ, ಗೂಡಿನಿಂದ ಸುಮಾರು ಎಂಟಡಿ ದೂರ. ಬೊಟ್ಟ ಒಂದು ಕಣ್ಣಲ್ಲಿ ನೋಡಿದ, ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿದ. ಆಮೇಲೆ ಜುಟ್ಟು ಇಳಿಸಿ ತಿನ್ನಲು ಹೋದ. ಸರಿ, ಅಷ್ಟು ದೂರ ಅವನಿಗೆ ಒಪ್ಪಿಗೆ. ದಿನಕ್ಕೆ ಒಂದು ಗೇಣು ಹತ್ತಿರ ತಂದೆ. ನನ್ನ ಅಳತೆಗೋಲು ಅವನ ಜುಟ್ಟೇ. ಅರ್ಧ ಎದ್ದು ಸಡಿಲವಾಗಿದ್ದರೆ ಮುಂದಕ್ಕೆ. ನೆಟ್ಟಗಾದರೆ, ಇಲ್ಲವೇ ತಲೆಗೆ ಅಂಟಿ ಬಾಯಿಂದ ಬುಸ್ ಅಂದರೆ, ನಿನ್ನೆಯ ಜಾಗಕ್ಕೆ ವಾಪಸ್. ಒಂದು ಕಾಲು ಮಡಚಿ ಕೊಕ್ಕು ಮಸೆಯುತ್ತಾ ಕೂತರೆ ಅವತ್ತು ನನಗೇ ಹಬ್ಬ.

ನವಣೆ ತೆನೆ ಅಂದರೆ ಅವನಿಗೆ ಪ್ರಾಣ. ಕೊಂಬೆ ಕಣ್ಣೆದುರು ಇದ್ದಾಗ ಮಾತ್ರ ತೆನೆ ಕೊಡುತ್ತಿದ್ದೆ. ಕಾಫಿ ಕುಡಿಯುವಾಗ ಕೊಂಬೆಯನ್ನು ನಾನೇ ಕೈಯಲ್ಲಿ ಹಿಡಿದು ತಿರುಗಿಸುತ್ತಾ, ತೊಗಟೆ ಕೀಳುತ್ತಾ ಕೂರುತ್ತಿದ್ದೆ. ಅವನ ಕಡೆ ನೋಡುತ್ತಲೂ ಇರಲಿಲ್ಲ. ಇದು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಲೆಕ್ಕ. ಹನ್ನೊಂದನೇ ದಿನ ಸರಳಿನ ಸಂದಿಯಿಂದ ಕೊಕ್ಕು ಹಾಕಿ ತೊಗಟೆ ಎಳೆದ!

ಆದರೂ ಗಡಿಬಿಡಿ ಮಾಡಲಿಲ್ಲ. ನಾಲ್ಕು ದಿನ ಕೊಂಬೆ ಗೂಡಿನ ಹೊರಗೇ ಇತ್ತು. ಒಳಗೆ ಹಾಕಿದ್ದು ಬೆಳಿಗ್ಗೆ, ರಾತ್ರಿಯೊಳಗೆ ಅವನಿಗೆ ಇಡೀ ದಿನ ಸಿಗಲಿ ಅಂತ. ಅದೂ ಕೆಳಗಿನ ಮೂಲೆಯಲ್ಲಿ, ಊಟದ ತಟ್ಟೆಯಿಂದ ದೂರ. ಹಳೆ ಕೋಲನ್ನು ಮುಟ್ಟಲಿಲ್ಲ. ರಾತ್ರಿ ಒಂದು ಸಣ್ಣ ಬಲ್ಬ್ ಉರಿಸಿಟ್ಟೆ. ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿ ಬೀಳುವುದು ಹೆಚ್ಚು.

ಅಡಿಕೆ ಹಾಳೆಯ ತುಂಡು, ಗೆರಟೆ ಎಲ್ಲ ಇದೇ ದಾರಿಯಲ್ಲಿ ಒಳಗೆ ಹೋದವು. ಹಾಳೆಯನ್ನಂತೂ ಐದೇ ದಿನದಲ್ಲಿ ಚಿಂದಿ ಮಾಡಲು ಶುರು ಮಾಡಿದ. ಒಂದು ಮಾತು: ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟ ಮರದ ಹಾಳೆ ಬೇಡ. ಆ ಮದ್ದಿನಲ್ಲಿ ಮೈಲುತುತ್ತು ಇರುತ್ತದೆ, ಹಕ್ಕಿಗೆ ವಿಷ. ನಾನು ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ತೊಳೆದು ಒಣಗಿಸಿ ಇಟ್ಟುಕೊಂಡಿರುತ್ತೇನೆ.

ಕೆಂಪು ಉಯ್ಯಾಲೆಯನ್ನು ಈಚೆಗೆ ಅಟ್ಟದಿಂದ ಇಳಿಸಿದೆ. ಗಂಟೆ ಬಿಚ್ಚಿ ಕಿಟಕಿಗೆ ಕಟ್ಟಿದ್ದೇನೆ. ಎರಡು ವಾರದಲ್ಲಿ ಮೂರು ಗೇಣು ಮುಂದೆ ಬಂದು, ಎರಡು ಗೇಣು ಹಿಂದೆ ಹೋಗಿದೆ.