ಪಂಪ್ ತಿರುಗಿತು, ಇನ್ನು ರಿಪೋರ್ಟ್ ಬರೆಯೋಣ

ಮಣ್ಣು ಒಣಗಿದರೆ ತಾನಾಗಿ ಪಂಪ್ ಚಾಲೂ ಆಗುವ ಪ್ರಾಜೆಕ್ಟನ್ನು ಡಿಪ್ಲೊಮಾ, ಬಿ.ಇ. ವಿದ್ಯಾರ್ಥಿಗಳು ವರ್ಷವರ್ಷವೂ ಮಾಡುತ್ತಾರೆ. ಆರ್ಡುಯಿನೊ ಉನೊ (ಕೋಡ್ ಹಾಕಿ ನಡೆಸುವ ಪುಟ್ಟ ಕಂಟ್ರೋಲರ್ ಬೋರ್ಡ್), ತೇವಾಂಶದ ಸೆನ್ಸರ್, ರಿಲೇ (ವಿದ್ಯುತ್ತಿನಿಂದ ಆನ್-ಆಫ್ ಆಗುವ ಸ್ವಿಚ್), ಪುಟ್ಟ ಪಂಪ್: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಸಾಮಾನು. ವಿಷಯ ಹಳೆಯದೆಂದು ಹಿಂಜರಿಯಬೇಡಿ. ನೀವೇ ಅಳೆದ ಅಂಕಿಗಳು ಬೇರೆ ಯಾರ ರಿಪೋರ್ಟಿನಲ್ಲೂ ಇರುವುದಿಲ್ಲ.

ಅದಕ್ಕೇ ಮೊದಲು ಬರೆಯಬೇಕಾದದ್ದು ಪೀಠಿಕೆಯಲ್ಲ, ಅಳತೆಯ ಕೋಷ್ಟಕ. ಉನೊ 0ರಿಂದ 5 ವೋಲ್ಟನ್ನು 0ರಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಸೆನ್ಸರ್ 620 ತೋರಿಸಿತು ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. 100 ಗ್ರಾಂ ಹಸಿಮಣ್ಣಿನಲ್ಲಿ ಸೆನ್ಸರ್ ಊರಿ ಅಂಕಿ ಬರೆದುಕೊಳ್ಳಿ. ಆ ಮಣ್ಣನ್ನು ಸಿವಿಲ್ ವಿಭಾಗದ ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. 80 ಗ್ರಾಂ ಉಳಿದರೆ ಆರಿದ ನೀರು 20 ಗ್ರಾಂ; ಒಣಮಣ್ಣಿನ ತೂಕಕ್ಕೆ ಹೋಲಿಸಿದರೆ ತೇವಾಂಶ ಶೇ 25. ಬೇರೆ ಬೇರೆ ತೇವದ ಐದಾರು ಮಾದರಿಗಳಿಗೆ ಹೀಗೆ ಮಾಡಿ ಗ್ರಾಫ್ ಎಳೆಯಿರಿ. ಪಂಪ್ ಯಾವ ಅಂಕಿಗೆ ಚಾಲೂ ಆಗಬೇಕೆಂಬುದಕ್ಕೆ ಆಗ ಆಧಾರ ಸಿಗುತ್ತದೆ. ಕೆಂಪುಮಣ್ಣು, ಎರೆಮಣ್ಣು ಎರಡಕ್ಕೂ ಮಾಡಿದರೆ ಇನ್ನೂ ಚೆನ್ನ.

ಬಳಿಕ ಸರ್ಕ್ಯೂಟ್. ಪ್ರತಿ ಬಿಡಿಭಾಗವೂ ಏಕೆ ಬೇಕಾಯಿತು ಎಂದು ಬರೆಯಿರಿ. ಉನೊದ ಪಿನ್ನಿಂದ 20 ಮಿಲಿಆಂಪಿಯರ್ ಮೀರಿ ಎಳೆಯಬಾರದು. ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್‌ಗೆ ಸುಮಾರು 70 ಬೇಕು. ಆದ್ದರಿಂದ ನಡುವೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಟ್ರಾನ್ಸಿಸ್ಟರ್. ರಿಲೇ ಆಫ್ ಆದಾಗ ಕಾಯಿಲ್ ಎಬ್ಬಿಸುವ ವೋಲ್ಟೇಜ್ ಆ ಟ್ರಾನ್ಸಿಸ್ಟರನ್ನು ಸುಡದಿರಲೆಂದು ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ). ಇದನ್ನು ಸ್ವಂತ ಮಾತಿನಲ್ಲಿ ಬರೆದವರಿಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನಾಲಿಗೆ ತಡವರಿಸುವುದಿಲ್ಲ.

ಕೆಟ್ಟದ್ದನ್ನು ಮುಚ್ಚಿಡಬೇಡಿ. ಎರಡು ಕಡ್ಡಿಯ ಸೆನ್ಸರಿಗೆ ಸದಾ ವಿದ್ಯುತ್ ಕೊಟ್ಟರೆ ವಿದ್ಯುದ್ವಿಭಜನೆಯಿಂದ ಲೋಹದ ಲೇಪ ತಿಂದುಹೋಗಿ ಅಂಕಿಗಳು ಜಾರುತ್ತವೆ. ಯಾವ ದಿನ ಗಮನಿಸಿದಿರಿ, ಅಳೆಯುವಾಗ ಮಾತ್ರ ವಿದ್ಯುತ್ ಕೊಟ್ಟು ಹೇಗೆ ಸರಿಪಡಿಸಿದಿರಿ ಎಂಬುದು ನನ್ನ ಮಟ್ಟಿಗೆ ಇಡೀ ರಿಪೋರ್ಟಿನ ಅತ್ಯಮೂಲ್ಯ ಪುಟ. ದಿನಾಂಕ ಹಾಕಿದ ನೋಟ್‌ಬುಕ್ ಮೊದಲ ದಿನದಿಂದಲೇ ಇಟ್ಟಿದ್ದರೆ ಆ ಪುಟ ತಾನಾಗಿ ತುಂಬುತ್ತದೆ.

ಕೋಡ್ ಪೂರ್ತಿ ಅನುಬಂಧಕ್ಕೆ ಹೋಗಲಿ, ಒಳಗೆ ಫ್ಲೋಚಾರ್ಟ್ ಸಾಕು. ಪೀಠಿಕೆ, ಸಾರಾಂಶ ಕೊನೆಗೆ.

ಡೆಮೊಗೆ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ವೈರ್ ಚುಚ್ಚಿ ಜೋಡಿಸುವ ಹಲಗೆ) ಒಯ್ಯಬೇಡಿ. ಬಸ್ಸಿನ ಕುಲುಕಾಟಕ್ಕೆ ವೈರ್ ಕಳಚಿಕೊಳ್ಳುತ್ತದೆ. ಸಾಲುಸಾಲು ತೂತುಗಳಿರುವ ಝೀರೋ ಪಿಸಿಬಿ ಹಲಗೆಯಲ್ಲಿ ಬೆಸುಗೆ ಹಾಕಿ. ಒಣಮಣ್ಣಿನದೊಂದು, ಹಸಿಮಣ್ಣಿನದೊಂದು ಲೋಟ ಜೊತೆಗಿರಲಿ. ಮೊದಲು ಪಂಪ್ ತಿರುಗಿಸಿ ತೋರಿಸಿ, ಸ್ಲೈಡು ಆಮೇಲೆ. ಹಿಂದಿನ ದಿನವೇ ಅದೇ ಕೋಣೆಯ ಪ್ಲಗ್ಗಿಗೆ ಹಾಕಿ ಒಮ್ಮೆ ನಡೆಸಿ ನೋಡಿ, ವಿಡಿಯೊ ಮಾಡಿಟ್ಟುಕೊಳ್ಳಿ.